ಬೀದರ್‌ನಿಂದ ಮಲಕ್‌ಪೇಟೆಗೆ: ನಸುಕಿನ ಕುದುರೆ ತಾಲೀಮು

ಮೊದಲ ಸಲ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ರೇಸ್ ಕುದುರೆಗಳ ತಾಲೀಮು ನೋಡಲು ಬೆಳಗಿನ ಬಸ್ ಹಿಡಿದು ಆರಾಮಾಗಿ ಹೈದರಾಬಾದ್‌ನ ಮಲಕ್‌ಪೇಟೆ ರೇಸ್‌ಕೋರ್ಸ್ ಮುಟ್ಟಿದೆ. ಗಂಟೆ ಹತ್ತಾಗಿತ್ತು. ಕುದುರೆಗಳೆಲ್ಲ ಓಡಿ, ಮೈ ತೊಳೆಸಿಕೊಂಡು, ಲಾಯದಲ್ಲಿ ಹುಲ್ಲು ಮೇಯುತ್ತಿದ್ದವು. ತಾಲೀಮು ನಡೆಯುವುದು ನಸುಕಿನಲ್ಲಿ, ಬಿಸಿಲೇರುವ ಮೊದಲು.

ಎರಡನೇ ಸಲ ಅಕ್ಕನ ಮಗನನ್ನು ಕರೆದುಕೊಂಡು ಹಿಂದಿನ ಸಂಜೆಯೇ ಹೊರಟೆ. ಬೀದರ್‌ನಿಂದ ಜಹೀರಾಬಾದ್ ಮೇಲೆ ಸುಮಾರು 140 ಕಿ.ಮೀ. ಕಲಬುರಗಿ, ಯಾದಗಿರಿಯವರಿಗೆ ರೈಲೇ ಸಲೀಸು. ರಾತ್ರಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದ ಹತ್ತಿರ ಲಾಡ್ಜ್ ಹಿಡಿಯಿರಿ. ಅಲ್ಲಿಂದ ಮಲಕ್‌ಪೇಟೆ ಮೆಟ್ರೋದಲ್ಲಿ ಒಂದೇ ಸ್ಟೇಷನ್. ಆದರೆ ಅಷ್ಟು ನಸುಕಿನಲ್ಲಿ ಮೆಟ್ರೋ ನಂಬಬೇಡಿ, ಆಟೋಗೆ ರಾತ್ರಿಯೇ ಹೇಳಿಡಿ. ಮಲಕ್‌ಪೇಟೆ ದಾಟಿದರೆ ಮುಂದಿನ ಸ್ಟೇಷನ್ ಹೆಸರು ನ್ಯೂ ಮಾರ್ಕೆಟ್. ರೇಸ್ ಕುದುರೆ ಪಳಗಿಸುವುದಕ್ಕೆ ಜಗತ್ತಿನಲ್ಲೇ ಹೆಸರಾದ ಇಂಗ್ಲೆಂಡಿನ ಊರಿಗೂ ಇದೇ ಹೆಸರು!

ಇದು ಟಿಕೆಟ್ ತೆಗೆದು ನೋಡುವ ಆಟ ಅಲ್ಲ. ಒಳಗೆ ಬಿಡುವುದು ರೇಸ್ ಕ್ಲಬ್ಬಿನವರ ಕೈಯಲ್ಲಿದೆ, ಮೊದಲೇ ಕೇಳಿಕೊಂಡು ಹೋಗಿ. ನಮಗೆ ಪರಿಚಯದ ಸೈಸ್ ಒಬ್ಬರಿದ್ದರು. ಕುದುರೆ ನೋಡಿಕೊಳ್ಳುವವರಿಗೆ ಅಲ್ಲಿ ಸೈಸ್ ಅಂತಾರೆ.

ಇನ್ನೂ ಮಬ್ಬುಗತ್ತಲು. ಕುದುರೆ ಕಾಣುವ ಮೊದಲು ಕೇಳಿಸುತ್ತದೆ. ಮರಳಿನ ಮೇಲೆ ಗೊರಸಿನ ಸಪ್ಪಳ, ಅದರ ಜೊತೆಗೇ ಬುಸ್, ಬುಸ್ ಅಂತ ಉಸಿರು. ಆಮೇಲೆ ಕತ್ತಲೊಳಗಿಂದ ಎರಡು ಕುದುರೆ ಜೋಡಿಯಾಗಿ ಬಂದು ಸರ್ರನೆ ದಾಟಿಹೋದವು. ಕಟಕಟೆ ಹಿಡಿದಿದ್ದ ಕೈಗೆ ನೆಲದ ನಡುಕ ತಾಗಿತು.

“ಮಾಮಾ, ಯಾಕ ಇಷ್ಟು ಜೋರ್ ಉಸಿರು ಬಿಡ್ತಾವ?” ಅಂದ ಹುಡುಗ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ಬಿಡುತ್ತದೆ. ಹೆಜ್ಜೆ ಹೇಗೋ ಉಸಿರೂ ಹಾಗೆ. ಹೇಳಿದ ಮೇಲೆ ಅವನು ಕಣ್ಣು ಮುಚ್ಚಿ ಎಣಿಸುತ್ತ ನಿಂತ.

ಎಲ್ಲವೂ ಹೀಗೆ ಜೋರಾಗಿ ಓಡುವುದಿಲ್ಲ. ಕೆಲವು ಸುಮ್ನೆ ನಡೆಯುತ್ತವೆ, ಕೆಲವು ಹಗುರ ಕ್ಯಾಂಟರ್, ಅಂದರೆ ನಾಗಾಲೋಟಕ್ಕಿಂತ ನಿಧಾನದ ಓಟ. ಟ್ರೇನರ್‌ಗಳು ಸ್ಟಾಪ್‌ವಾಚ್ ಹಿಡಿದು ಫರ್ಲಾಂಗ್ ಲೆಕ್ಕ ಹಾಕುತ್ತಾರೆ. ಒಂದು ಫರ್ಲಾಂಗ್ ಅಂದರೆ ಸುಮಾರು 201 ಮೀಟರ್. ನನಗೆ ರೇಸ್ ದಿನದ ಗದ್ದಲಕ್ಕಿಂತ ಇದೇ ಜಾಸ್ತಿ ಹಿಡಿಸಿತು. ಇಲ್ಲಿ ಬಾಜಿ ಇಲ್ಲ, ಕೂಗಾಟ ಇಲ್ಲ.

ಛತ್ರಿ ಬಿಚ್ಚಬೇಡಿ, ಫ್ಲ್ಯಾಶ್ ಹಾಕಬೇಡಿ, ಹಾರಾಡುವ ದುಪಟ್ಟಾ ಕಟ್ಟಿಕೊಳ್ಳಿ. 450 ಕಿಲೋ ತೂಗುವ ಪ್ರಾಣಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಬೆದರುತ್ತದೆ. ಹಿಂದೆಯಂತೂ ನಿಲ್ಲಲೇಬೇಡಿ. ಚಳಿಗಾಲವಾದರೆ ಸ್ವೆಟರ್ ಇರಲಿ.

ನಮ್ಮ ಬೀದರ್‌ನಲ್ಲಿ ಈಗ ಕುದುರೆ ಅಂದ್ರೆ ಮದುವೆ ಬಾರಾತ್ ಅಷ್ಟೇ, ಅಲ್ವಾ? 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆ ಮಾರಿದ್ದು ಇದೇ ಊರಿನಲ್ಲಿ. ಆಳಂದದ ಜಾತ್ರೆಗೆ 20,000 ಕುದುರೆ ಬರುತ್ತಿದ್ದವು ಅಂತಲೂ ಬರೆದಿದ್ದಾನೆ. ದಾರಿಯಲ್ಲಿ ಇದನ್ನು ಹೇಳಿದರೆ ಹುಡುಗ ನಂಬಲೇ ಇಲ್ಲ.

ತಾಲೀಮು ಮುಗಿದ ಮೇಲೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಸಮಯ ಇದ್ದರೆ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರವೇ ಇದೆ, ಶುಕ್ರವಾರ ಮಾತ್ರ ರಜೆ. ನಾವು ಹೋಗಿದ್ದು ಶುಕ್ರವಾರ. ಎರಡನೇ ಕಪ್ ಚಹಾ ಕುಡಿದು ಬಸ್ ಹತ್ತಿದೆವು.