ಗಾಲ್ ಫೇಸ್‌ನಲ್ಲಿ ಒಂದು ರಾತ್ರಿ, ಆಯಿಯ ಜೊತೆ

ಒಂದು ರಾತ್ರಿಗೆ ಬಾಡಿಗೆ ಎಷ್ಟಾಯ್ತು ಅಂತ ಆಯಿಗೆ ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಅವತ್ತು ಮಾಡಿದ ಒಳ್ಳೆ ನಿದ್ದೆಯನ್ನು ಈಗ ಕೂತು ಹಾಳುಮಾಡಿಕೊಳ್ಳುತ್ತಾಳೆ.

ನಾನು ಕೆಲಸಕ್ಕೆ ಅಂತ ಕೊಲಂಬೊಗೆ ಬಂದು ಮೂರು ವರ್ಷ ಆಯ್ತು. ದಿನಾ ಆಫೀಸಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಗಾಲ್ ಫೇಸ್ ಹೋಟೆಲ್ ಕಾಣುತ್ತದೆ. ಸಮುದ್ರಕ್ಕೆ ಅಂಟಿಕೊಂಡೇ ಕಟ್ಟಿದ ಉದ್ದನೆಯ ಕಟ್ಟಡ. ಅದರ ಉತ್ತರಕ್ಕೆ ಗಾಲ್ ಫೇಸ್ ಗ್ರೀನ್ ಅನ್ನೋ ದೊಡ್ಡ ಬಯಲು. ಜೀವನದಲ್ಲಿ ಒಂದು ಸಲ ಅದರೊಳಗೆ ಮಲಗಿ ಏಳಬೇಕು ಅಂತ ಆಸೆ ಇತ್ತು, ನೆಪ ಇರಲಿಲ್ಲ. ಶಿರಸಿಯಿಂದ ಆಯಿ ಬಂದಳು, ನೆಪ ಸಿಕ್ಕಿತು.

ಬಾಗಿಲಲ್ಲಿ ಕೈಮುಗಿದು "ಆಯುಬೋವನ್" ಅಂದರು. ಸಿಂಹಳದ ನಮಸ್ಕಾರ ಇದು. ಆಯುಷ್ಯ ಹೆಚ್ಚಲಿ ಅಂತ ಅರ್ಥ. ನಾನು ಬಿಡಿಸಿ ಹೇಳುವ ಮೊದಲೇ ಆಯಿಗೆ ಅರ್ಥ ಆಗಿತ್ತು. ಅವಳೂ ಕೈಮುಗಿದು "ನಿಮಗೂ" ಅಂದಳು, ಕನ್ನಡದಲ್ಲೇ.

ಈ ಹೋಟೆಲ್ ಶುರುವಾಗಿದ್ದು 1864ರಲ್ಲಿ. ಸುಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ, ಅಂದರೆ ಹೋಟೆಲ್ ಆ ಕಾಲುವೆಗಿಂತ ಐದು ವರ್ಷ ಹಳೇದು. ಆಗ ಸಿಲೋನ್ ಅಂದರೆ ಟೀ ಅಲ್ಲ, ಕಾಫಿ. ಆಮೇಲೆ ಅದೇ 1869ರಲ್ಲಿ ತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ಇಲ್ಲಿನ ಕಾಫಿ ತೋಟಗಳನ್ನೆಲ್ಲ ನುಂಗಿ ಹಾಕಿತು. ತೋಟದವರು ಟೀಗೆ ತಿರುಗಿದರು. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಈ ರೋಗದ ಹೆಸರು ಹೇಳಿದರೆ ಸಾಕು, ಅರ್ಥ ಆಗುತ್ತೆ. ಇಷ್ಟೆಲ್ಲ ನಾನು ವಿವರಿಸುತ್ತಿದ್ದರೆ ಆಯಿ ಮರದ ಮೆಟ್ಟಿಲಿನ ಕಟಾಂಜನ ಸವರಿ ನೋಡುತ್ತಿದ್ದಳು. "ಚೊಲೋ ಮರ" ಅಂದಳು, ಅಷ್ಟೇ.

ರೂಮಿನ ಬಗ್ಗೆ ಜಾಸ್ತಿ ಹೇಳಲ್ಲ. ದೊಡ್ಡ ಹಾಸಿಗೆ, ಬಿಳಿ ಚಾದರ, ಎಲ್ಲ ಐಷಾರಾಮಿ ಹೋಟೆಲಿನಲ್ಲೂ ಇರೋದೇ. ಕಿಟಕಿ ತೆರೆದಾಗ ಬರೋ ಸದ್ದು ಮಾತ್ರ ಬೇರೆ. ಅಲೆ ನೇರ ಗೋಡೆಯ ಬುಡಕ್ಕೇ ಬಂದು ಬಡಿಯುತ್ತದೆ. ಆಯಿ ಸ್ವಲ್ಪ ಹೊತ್ತು ನೋಡಿ, "ದುಡ್ಡು ಕೊಟ್ಟು ಸಮುದ್ರ ನೋಡವಾ? ಗೋಕರ್ಣದಲ್ಲಿ ಪುಕ್ಕಟೆ ಇದ್ದು" ಅಂದಳು. ಹೇಳಿದ್ದು ಸುಳ್ಳಲ್ಲ. ಆದರೆ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತವಳು ಒಂದು ಗಂಟೆ ಏಳಲಿಲ್ಲ.

ಸಂಜೆ ಕಪ್ಪು-ಬಿಳಿ ಚೌಕದ ನೆಲದ ಅಂಗಳದಲ್ಲಿ ಟೀ ಕುಡಿದೆವು. ಸೂರ್ಯ ಮುಳುಗುವ ಹೊತ್ತಿಗೆ ಬ್ಯಾಗ್‌ಪೈಪ್ ಊದುತ್ತಾ ಬಾವುಟ ಇಳಿಸುತ್ತಾರೆ. ಸ್ಕಾಟ್ಲೆಂಡಿನ ವಾದ್ಯ, ಸಿಂಹಳದ ಸಮುದ್ರ. ನನಗೆ ಸ್ವಲ್ಪ ನಾಟಕ ಅನ್ನಿಸಿತು. ಆಯಿಗೆ ಹೆಚ್ಚು ಇಷ್ಟ ಆಗಿದ್ದು ಕಾಗೆ ಓಡಿಸುವವನು. ಕೊಲಂಬೊದ ಕಾಗೆಗಳಿಗೆ ಹೆದರಿಕೆ ಅನ್ನೋದೇ ಇಲ್ಲ. ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತವೆ. ಒಬ್ಬ ಹುಡುಗ ಸಮವಸ್ತ್ರ ತೊಟ್ಟು ರಬ್ಬರ್ ಕವಣೆ ಹಿಡಿದು ಓಡಾಡುತ್ತಿದ್ದ. ಹೊಡೆಯೋದಿಲ್ಲ, ಸುಮ್ನೆ ಎಳೆದು ತೋರಿಸುತ್ತಾನೆ. ಪಿತೃಪಕ್ಷದಲ್ಲಿ ಕಾಗೆಯನ್ನು ಕರೆದು ಕರೆದು ಸೋಲುವ ನಮ್ಮ ಮನೆಯವರು ಇದನ್ನು ನೋಡಬೇಕಿತ್ತು.

ಈ ಹೋಟೆಲಿಗೆ ಬಂದುಹೋದ ದೊಡ್ಡವರ ಪಟ್ಟಿ ಉದ್ದ ಇದೆ. ನನಗೆ ಬೇಕಾಗಿದ್ದು ಅಲ್ಲಿ ಬಾಗಿಲು ಕಾದವರ ಕಥೆ. ಚಾತ್ತು ಕುಟ್ಟನ್ ಅಂತ, ಕೇರಳದಿಂದ ಹುಡುಗನಾಗಿ ಬಂದವರು. 1942ರಲ್ಲಿ ಇಲ್ಲಿ ಕೆಲಸಕ್ಕೆ ಸೇರಿದರು. ಜಪಾನಿನ ವಿಮಾನಗಳು ಕೊಲಂಬೊ ಮೇಲೆ ಬಾಂಬ್ ಹಾಕಿದ್ದೂ ಅದೇ ವರ್ಷದ ಏಪ್ರಿಲ್‌ನಲ್ಲಿ. ಮುಂದೆ ಬಿಳಿ ದಿರಿಸು, ದಪ್ಪ ಬಿಳಿ ಮೀಸೆ ಹೊತ್ತು ಬಂದವರಿಗೆಲ್ಲ ಬಾಗಿಲು ತೆರೆದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಎಪ್ಪತ್ತು ವರ್ಷಕ್ಕೂ ಜಾಸ್ತಿ ಒಂದೇ ಹೋಟೆಲು! ಬ್ರಿಟಿಷರು ಹೋದರು, ಸಿಲೋನ್ ಶ್ರೀಲಂಕಾ ಆಯ್ತು, ಒಳಯುದ್ಧ ಬಂತು, ಮುಗಿಯಿತು. ಇವರು ಅಲ್ಲೇ ಇದ್ದರು. ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಊರಿಗೆ ಹೋಗ್ತಿದ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಿದ್ದು ಅವರ ಬಗ್ಗೆನಾ, ನನ್ನ ಬಗ್ಗೆನಾ ಅನ್ನೋದೂ ಗೊತ್ತಾಗಲಿಲ್ಲ.

ಊಟ ಮುಗಿಸಿ ಬಯಲಿಗೆ ಹೋದೆವು. 2022ರಲ್ಲಿ ಪೆಟ್ರೋಲು, ಗ್ಯಾಸು, ಔಷಧಿ ಏನೂ ಸಿಗದೆ ಜನ ರೊಚ್ಚಿಗೆದ್ದು ಡೇರೆ ಹಾಕಿ ತಿಂಗಳುಗಟ್ಟಲೆ ಕೂತಿದ್ದು ಈ ಬಯಲಲ್ಲೇ. ಕೊನೆಗೆ ಅಧ್ಯಕ್ಷರೇ ದೇಶ ಬಿಟ್ಟು ಹೋಗಬೇಕಾಯ್ತು. ಈಗ ಅಲ್ಲಿ ಗಾಳಿಪಟ, ಮಕ್ಕಳು, ಸಿಗಡಿ ವಡೆಯ ಗಾಡಿಗಳು. ವಡೆ ಅಂತ ಕೇಳಿ ಆಯಿ ಖುಷಿಯಿಂದ ಹತ್ತಿರ ಹೋದಳು. ಮೇಲೆ ಸಿಗಡಿ ಇಟ್ಟಿದ್ದು ಕಂಡು ಅಷ್ಟೇ ವೇಗವಾಗಿ ವಾಪಸ್ ಬಂದಳು.

ಬೆಳಗಿನ ತಿಂಡಿಗೆ ಇಂದಿ ಆಪ್ಪ ಇತ್ತು. ನಮ್ಮ ಒತ್ತು ಶಾವಿಗೆಯೇ, ಜೊತೆಗೆ ತೆಂಗಿನ ಹಾಲಿನ ತೆಳ್ಳನೆ ಸಾರು. ಪೊಲ್ ಸಂಬೋಲ್ ಅನ್ನೋ ಕಾಯಿಚಟ್ನಿಗೆ ಒಣಮೀನಿನ ಚೂರು ಹಾಕೋದು ಇಲ್ಲಿ ವಾಡಿಕೆ, ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಕೇಳಿದ್ದಕ್ಕೆ ಮೀನಿಲ್ಲದ್ದು ತಂದುಕೊಟ್ಟರು. ಕೊನೆಗೆ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಆಯಿ ಒಂದು ಚಮಚ ಬಾಯಿಗಿಟ್ಟು ಕಣ್ಣರಳಿಸಿದಳು. "ಜೋನಿಬೆಲ್ಲ!"

ಜೋನಿಬೆಲ್ಲ ಕಬ್ಬಿನದು, ಇದು ಮರದ್ದು ಅಂತ ಹೇಳಿ ಫೋನಿನಲ್ಲಿ ಕಿತುಲ್ ಮರದ ಫೋಟೋ ತೋರಿಸಿದೆ. ಮೀನಿನ ಬಾಲದ ಹಾಗಿರೋ ಎಲೆ, ಜಡೆಯ ಹಾಗೆ ಜೋತುಬಿದ್ದ ಹೂಗೊಂಚಲು. ಆಯಿಗೆ ನಗು ತಡೆಯಲಿಲ್ಲ. ಅದು ಬೈನೆ ಮರ! ನಮ್ಮ ತೋಟದ ಅಂಚಿನಲ್ಲಿ ತಾನಾಗಿ ಹುಟ್ಟಿ ಬೆಳೆಯೋದು. ನಮ್ಮ ಕಡೆ ಬೈನೆ ಅಂದರೆ ಕಳ್ಳು, ಮರ್ಯಾದಸ್ಥರು ಹೆಸರೆತ್ತಲ್ಲ. ಇಲ್ಲಿ ಅದೇ ಗೊಂಚಲಿನ ರಸವನ್ನು ಕಾಸಿ ಪಾಕ ಮಾಡಿ ದೊಡ್ಡ ಹೋಟೆಲಿನ ಮೇಜಿಗೆ ತರುತ್ತಾರೆ. ಆಯಿ ಎರಡನೇ ಬಟ್ಟಲು ತರಿಸಿಕೊಂಡಳು.

ಹೋಟೆಲಿನಿಂದ ಹೊರಟ ಮೇಲೆ ದಾರಿಬದಿಯ ಅಂಗಡಿಯಲ್ಲಿ ಆಟೋ ನಿಲ್ಲಿಸಿ ಒಂದು ಗಡಿಗೆ ಮೊಸರು, ಒಂದು ಬಾಟಲಿ ಪಾಕ ಕೊಂಡೆವು. ಮೊಸರು ಸಂಜೆಗೇ ಖಾಲಿ. ಗಡಿಗೆಯನ್ನು ತೊಳೆದು, ಹಳೇ ಸೀರೆ ಸುತ್ತಿ ಆಯಿ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಅದೀಗ ಶಿರಸಿಯ ಅಡುಗೆಮನೆಯಲ್ಲಿ ಹುಣಸೆಹಣ್ಣು ತುಂಬಿಕೊಂಡು ಕೂತಿದೆ.