88 ಟ್ರ್ಯಾಕು, 87 ಗ್ಯಾಪು

ಹಳೇ ಡಿಸ್ಕು, ಟೇಪುಗಳ ಸದ್ದನ್ನು ಕಂಪ್ಯೂಟರ್ ಫೈಲಿಗೆ ಇಳಿಸಿಕೊಳ್ಳುವುದು, ಅಂದರೆ ಕ್ಯಾಪ್ಚರ್, ಇಲ್ಲಿನ ಕೆಲಸ. ಕ್ಯೂಸಿಯಿಂದ (ಗುಣಮಟ್ಟ ಪರೀಕ್ಷಿಸುವ ವಿಭಾಗ) ವಾಪಸ್ ಬಂದ ಕೆಲಸದ ಟಿಕೆಟ್ಟಿನ ಮೇಲೆ ಷರಾ ಹೀಗಿತ್ತು: ‘ಎರಡು ಕ್ಯಾಪ್ಚರ್ ತಾಳೆ ಆಗುತ್ತಿಲ್ಲ. ಟ್ರ್ಯಾಕ್ ಕ್ರಮ ತಪ್ಪು.’ ಯಾವ ಡಿಸ್ಕು ಅಂತ ಗೊತ್ತಿದ್ದವರು ನಕ್ಕರು. ಷರಾ ಬರೆದವರದೇನೂ ತಪ್ಪಿಲ್ಲ. ಫಾರ್ಮಿನಲ್ಲಿ ‘ಟ್ರ್ಯಾಕ್ ಕ್ರಮ ಸರಿ/ತಪ್ಪು’ ಅಂತ ಒಂದು ಕಾಲಂ ಇದೆ, ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲು ಬಿಡುವುದಿಲ್ಲ.

ಡಿಸ್ಕು ಗೆಸ್ಕಾಮ್ ಹೆಸರಿನಲ್ಲಿ 1998ರಲ್ಲಿ ಬ್ರಿಟನ್ನಿನ ‘ಓರ್’ ಲೇಬಲ್ ಹೊರತಂದ ‘ಮಿನಿಡಿಸ್ಕ್’. ಎಲೆಕ್ಟ್ರಾನಿಕ್ ಸಂಗೀತದ ಆಟೆಕರ್ ಜೋಡಿಯ ಶಾನ್ ಬೂತ್, ರಾಬ್ ಬ್ರೌನ್ ಮತ್ತು ಜೊತೆಗೆ ರಸೆಲ್ ಹ್ಯಾಸ್ವೆಲ್ ಮಾಡಿದ್ದು. ಆಗ ಮಿನಿಡಿಸ್ಕ್‌ನಲ್ಲಿ (ಪ್ಲಾಸ್ಟಿಕ್ ಕಾರ್ಟ್ರಿಜ್ ಒಳಗಿನ ಪುಟ್ಟ ಡಿಸ್ಕು) ಮಾತ್ರ ಬಂತು, ಸಿಡಿ ಬಂದದ್ದು 2006ರಲ್ಲಿ. 45 ತುಣುಕುಗಳನ್ನು 88 ಟ್ರ್ಯಾಕಾಗಿ ಕತ್ತರಿಸಿದ್ದಾರೆ. ಶಫಲ್ (ಟ್ರ್ಯಾಕುಗಳನ್ನು ಕಲಸಿ ನುಡಿಸುವ ಗುಂಡಿ) ಒತ್ತಿ ಕೇಳಬೇಕು, ಒಂದು ಟ್ರ್ಯಾಕಿನ ಬಾಲ ಇನ್ನೊಂದರ ತಲೆಗೆ ಸಂದಿಲ್ಲದೆ ಅಂಟಿಕೊಳ್ಳಬೇಕು ಅನ್ನುವುದೇ ಅದರ ಹೂರಣ. ಗಿರಾಕಿ ಕೇಳಿದ್ದು ಎರಡು: ಆರ್ಕೈವಿಗೆ ನೇರ ಕ್ರಮದ ಕ್ಯಾಪ್ಚರ್ ಒಂದು, ಕೇಳಿಸುವುದಕ್ಕೆ ಶಫಲ್‌ನಲ್ಲಿ ಒಂದು ಸುತ್ತು. ಅವೆರಡನ್ನೂ ಒಂದೇ ಟಿಕೆಟ್ಟಿಗೆ ಹಾಕಿದರೆ ಕ್ಯೂಸಿ ಹೋಲಿಸಿಯೇ ಹೋಲಿಸುತ್ತದೆ. ಶಫಲ್ ಕ್ಯಾಪ್ಚರಿಗೆ ಬೇರೆ ಟಿಕೆಟ್ ತೆಗೆಯಬೇಕು, ‘ಹೋಲಿಕೆ ಬೇಡ’ ಅಂತ ಮೊದಲ ಸಾಲಲ್ಲೇ ಬರೆಯಬೇಕು. ಈ ಮಾತು ಇಲ್ಲಿಗೆ ಮುಗಿಯಿತು.

ನಿಜವಾದ ತಲೆನೋವು ಅದೇ ಮಧ್ಯಾಹ್ನ ಬಂತು. ಹೆಡ್‌ಫೋನ್ ಹಾಕಿಕೊಂಡಿದ್ದ ಕ್ಯೂಸಿ ಹುಡುಗಿ ಕೇಳಿದಳು: ‘ಪ್ರತಿ ಟ್ರ್ಯಾಕ್ ಮುಗಿದ ಮೇಲೆ ಸದ್ದು ನಿಲ್ಲುತ್ತಿದೆಯಲ್ಲ, ಇದು ಹೀಗೇ ಇರಬೇಕಾ?’ ಇರಬಾರದು. ಆ ಡಿಸ್ಕಿನಲ್ಲಿ ಅದೊಂದು ಇರಲೇಬಾರದು.

ಯಾಕೆ ಇರಬಾರದು ಅನ್ನುವುದು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಸಿಡಿ ಪ್ಲೇಯರ್ ಶಫಲ್‌ನಲ್ಲಿ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹಾರುವಾಗ ಲೇಸರ್ ಜರುಗುವಷ್ಟು ಹೊತ್ತು ಸದ್ದು ಇರುವುದಿಲ್ಲ. ಮಿನಿಡಿಸ್ಕ್‌ನಲ್ಲಿ ಡಿಸ್ಕಿಗೂ ಕಿವಿಗೂ ನಡುವೆ ಒಂದು ಮೆಮೊರಿ ಚಿಪ್ ಕೂತಿದೆ. ಲೇಸರ್ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಓದುತ್ತದೆ, ಮಾಮೂಲು ರೆಕಾರ್ಡಿಂಗಿನ, ಅಂದರೆ ಎಸ್‌ಪಿ ಮೋಡ್‌ನ ಅಟ್ರಾಕ್ (ಸದ್ದಿನ ಡೇಟಾ ಕುಗ್ಗಿಸುವ ಸೋನಿಯ ವಿಧಾನ) ಡಿಕೋಡರಿಗೆ ಬೇಕಿರುವುದು 292 ಕಿಲೊಬಿಟ್. ಹತ್ತಿರ ಹತ್ತಿರ 5 ಪಟ್ಟು ವೇಗ. ಹಾಗಾಗಿ ಮೆಮೊರಿ ತುಂಬಿಸಿ ಲೇಸರ್ ಸುಮ್ಮನೆ ಕೂತಿರುತ್ತದೆ. 1992ರಲ್ಲಿ ಸೋನಿ ಈ ಡಿಸ್ಕನ್ನು ಮಾರುಕಟ್ಟೆಗೆ ತಂದಾಗ ಈ ಮೆಮೊರಿ ಇದ್ದದ್ದು ನಡೆಯುವಾಗ, ಓಡುವಾಗ ಕುಲುಕಿದರೂ ಹಾಡು ನಿಲ್ಲಬಾರದು ಅಂತ. ಶಫಲ್‌ನಲ್ಲಿ ಅದೇ ಮೆಮೊರಿ ಬೇರೆ ಕೆಲಸಕ್ಕೆ ಬಂತು: ಮುಂದಿನ ಟ್ರ್ಯಾಕ್ ಯಾವುದು ಎಂದು ಪ್ಲೇಯರಿಗೆ ಮೊದಲೇ ಗೊತ್ತು, ಈಗಿನ ಟ್ರ್ಯಾಕಿನ ಕೊನೆಯ ಸೆಕೆಂಡುಗಳು ಮೆಮೊರಿಯಿಂದ ಬರುತ್ತಿರುವಾಗಲೇ ಲೇಸರ್ ಡಿಸ್ಕಿನ ಆ ತುದಿಗೆ ಹೋಗಿ ಓದಲು ಶುರು ಮಾಡಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಆ ದಿನ ಎಲ್ಲರ ಬೆರಳು ತೋರಿದ್ದು ಲೇಸರನ್ನು ಆಚೀಚೆ ಜರುಗಿಸುವ ಸ್ಲೆಡ್ ಕಡೆಗೆ. ಹಳೇ ಡೆಕ್ (ಮಿನಿಡಿಸ್ಕ್ ನುಡಿಸುವ ಯಂತ್ರ), ಗ್ರೀಸ್ ಒಣಗಿರುತ್ತದೆ, ಲೇಸರ್ ನಿಧಾನವಾಗಿ ಜರುಗುತ್ತಿದೆ, ಅಷ್ಟರಲ್ಲಿ ಮೆಮೊರಿ ಖಾಲಿ. ಒಪ್ಪುವಂತಹ ತರ್ಕ, ಅದಕ್ಕೇ ಅಪಾಯ. ಮುಚ್ಚಳ ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಹೊಸದು ಸವರಿ, ಐಸೊಪ್ರೊಪೈಲ್ ಹಾಕಿದ ಹತ್ತಿಕಡ್ಡಿಯಿಂದ ಲೆನ್ಸ್ ಒರೆಸಿ ಮತ್ತೆ ಶಫಲ್. ಗ್ಯಾಪ್ ಹಾಗೇ ಇದೆ. ಗಿರಾಕಿ ನಾಲ್ಕು ಗಂಟೆಗೆ ಕೇಳಲು ಬರುವವರಿದ್ದರು. ಮೂರೂ ನಲವತ್ತಕ್ಕೆ ಮ್ಯಾನೇಜರ್ ಬಾಗಿಲಲ್ಲಿ ನಿಂತು, ‘ಸಿಡಿ ಇದೆಯಂತಲ್ಲ, ಅದನ್ನೇ ಹಾಕಿ ಕೇಳಿಸಿಬಿಡಿ’ ಅಂದರು. ಸಿಡಿಯನ್ನು ಶಫಲ್‌ಗೆ ಹಾಕಿದರೆ ಪ್ರತಿ ಜಿಗಿತಕ್ಕೂ ಗ್ಯಾಪ್ ಗ್ಯಾರಂಟಿ ಅಂತ ಅವರಿಗೆ ವಿವರಿಸುವಷ್ಟು ಸಮಯ ಇರಲಿಲ್ಲ.

ಕೊನೆಗೆ ಯಾರೋ ಮಾಡಬೇಕಾದದ್ದನ್ನು ಮಾಡಿದರು: ವೇವ್‌ಫಾರ್ಮ್ ಹಿಗ್ಗಿಸಿ ಗ್ಯಾಪ್ ಅಳೆದರು. 3 ಸೆಕೆಂಡು. ಮುಂದಿನದು 3 ಸೆಕೆಂಡು. ಅದರ ಮುಂದಿನದೂ ಅಷ್ಟೇ. ಸ್ಲೆಡ್ ತೊಂದರೆ ಇದ್ದಿದ್ದರೆ ಪಕ್ಕದ ಟ್ರ್ಯಾಕಿಗೆ ಹಾರುವಾಗ ಚಿಕ್ಕ ಗ್ಯಾಪ್, ಡಿಸ್ಕಿನ ಆಚೆ ತುದಿಗೆ ಹಾರುವಾಗ ದೊಡ್ಡದು, ಕೆಲವೆಡೆ ಗ್ಯಾಪೇ ಇಲ್ಲ ಅಂತ ಇರಬೇಕಿತ್ತು. ಎಲ್ಲ ಕಡೆ ಒಂದೇ ಅಳತೆ ಅಂದರೆ ಅದು ಯಾಂತ್ರಿಕ ದೋಷ ಅಲ್ಲ, ಯಾರೋ ಬೇಕು ಅಂತ ಹಾಕಿದ್ದು. ಡೆಕ್‌ನ ಮೆನುವಿನಲ್ಲಿ ‘ಆಟೊ ಸ್ಪೇಸ್’ ಆನ್ ಇತ್ತು. ಟ್ರ್ಯಾಕುಗಳ ನಡುವೆ 3 ಸೆಕೆಂಡು ಖಾಲಿ ಬಿಡುವ ಸೌಲಭ್ಯ. ಹಿಂದಿನ ಶಿಫ್ಟಿನವರು ಬೇರೆ ಕೆಲಸಕ್ಕೆ ಆನ್ ಮಾಡಿ ಹಾಗೇ ಬಿಟ್ಟಿದ್ದರು. ಪವರ್ ಆಫ್ ಮಾಡಿದರೂ ಆ ಸೆಟ್ಟಿಂಗ್ ನೆನಪಿರುತ್ತದೆ.

ಇನ್ನೂ ಚುಚ್ಚುವ ಸಂಗತಿ ಅಂದರೆ ಲೆಕ್ಕ ಕಣ್ಣ ಮುಂದೆಯೇ ಇತ್ತು. ಆಟೊ ಸ್ಪೇಸ್ ಆನ್ ಆಗುವ ಮೊದಲೇ ತೆಗೆದಿದ್ದ ನೇರ ಕ್ರಮದ ಫೈಲಿಗಿಂತ ಶಫಲ್ ಫೈಲು 4 ನಿಮಿಷ 21 ಸೆಕೆಂಡು ಉದ್ದ. 88 ಟ್ರ್ಯಾಕಿನ ನಡುವೆ 87 ಸಂದು, ತಲಾ 3 ಸೆಕೆಂಡು, ಒಟ್ಟು 261. ಒಂದು ಸುತ್ತಿನ ಶಫಲ್‌ನಲ್ಲಿ ಪ್ರತಿ ಟ್ರ್ಯಾಕೂ ಒಂದೇ ಸಲ ಬರುತ್ತದೆ, ಕ್ರಮ ಏನೇ ಆದರೂ ಒಟ್ಟು ಅವಧಿ ಬದಲಾಗಬಾರದು. ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಅವಧಿ ಕೂಡಿಸಿ ನೋಡಿ.

ಆ ಆಟೊ ಸ್ಪೇಸ್ ಕೆಟ್ಟದ್ದೇನಲ್ಲ, ಸರಿಯಾಗಿ ಬಳಸಿದರೆ ಈ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಸಂದಿಲ್ಲದ ಡಿಸ್ಕಿನ ನೇರ ಕ್ಯಾಪ್ಚರಿನಲ್ಲಿ ಟ್ರ್ಯಾಕ್ ಎಲ್ಲಿ ಮುರಿಯುತ್ತದೆ ಅನ್ನುವುದು ಕಿವಿಗೆ ತಿಳಿಯದು. ಡೆಕ್‌ನ ಡಿಸ್ಪ್ಲೇ ನಿಮಿಷ, ಸೆಕೆಂಡು ಮಾತ್ರ ತೋರಿಸುತ್ತದೆ. ಆದರೆ ಎಸ್‌ಪಿಯಲ್ಲಿ ಡೇಟಾ 512 ಸ್ಯಾಂಪಲ್ಲಿನ (ಸದ್ದಿನ ಒಂದೊಂದು ಅಳತೆ), ಅಂದರೆ 11.6 ಮಿಲಿಸೆಕೆಂಡಿನ ತುಂಡುಗಳಲ್ಲಿ ಇರುತ್ತದೆ, ಟ್ರ್ಯಾಕಿನ ಗಡಿ ಅಂಥ ತುಂಡಿನ ಅಂಚಿನಲ್ಲಿ ಬೀಳಬಹುದು. ಸೆಕೆಂಡಿನ ಲೆಕ್ಕದಲ್ಲಿ ಕತ್ತರಿಸಿದರೆ ಶಫಲ್‌ನಲ್ಲಿ ಪಕ್ಕದ ಟ್ರ್ಯಾಕಿನ ಚೂರು ಇಣುಕುತ್ತದೆ. ಆದ್ದರಿಂದ ನೇರ ಕ್ರಮದಲ್ಲಿ ಎರಡು ಕ್ಯಾಪ್ಚರ್ ತೆಗೆಯಿರಿ: ಮಾಸ್ಟರಿಗೆ ಆಟೊ ಸ್ಪೇಸ್ ಆಫ್, ಗಡಿ ಗುರುತಿಸಲು ಆನ್. ಎರಡನೆಯದರಲ್ಲಿ ಖಾಲಿ ಜಾಗದ ಆರಂಭವೇ ಟ್ರ್ಯಾಕಿನ ಕೊನೆ. ಅದನ್ನು ಮಾಸ್ಟರಿನ ಮೇಲೆ ಹೊಂದಿಸಿ ಗುರುತು ಹಾಕಿ. ಮುಗಿದ ಕೂಡಲೇ ಆಫ್ ಮಾಡಿ, ಡೆಕ್ ಮೇಲೆ ಒಂದು ಚೀಟಿ ಅಂಟಿಸಿ.

ಕ್ಯಾಪ್ಚರ್ ಸರಪಳಿಯಲ್ಲಿ ಎಡವುವ ಜಾಗ ಕ್ಲಾಕ್, ಸ್ಯಾಂಪಲ್ಲುಗಳಿಗೆ ತಾಳ ಹಾಕುವ ಗಡಿಯಾರ. ಡೆಕ್‌ನ ಆಪ್ಟಿಕಲ್ ಔಟ್‌ನಿಂದ ಇಂಟರ್‌ಫೇಸಿನ ಆಪ್ಟಿಕಲ್ ಇನ್‌ಗೆ, 44.1 ಕಿಲೊಹರ್ಟ್ಸ್, ಇಂಟರ್‌ಫೇಸಿನ ಕ್ಲಾಕ್ ಸೋರ್ಸ್ ಎಕ್ಸ್‌ಟರ್ನಲ್. ಅದನ್ನು ಇಂಟರ್ನಲ್‌ನಲ್ಲಿ ಬಿಟ್ಟರೆ ಎರಡು ಗಡಿಯಾರಗಳೂ ಸ್ವಲ್ಪ ಸ್ವಲ್ಪ ಜಾರಿ ಆಗಾಗ ಟಿಕ್ ಅನ್ನುತ್ತದೆ. ಕರ್ನಾಟಕ ಸಂಗೀತದ ಟೇಪಿನಲ್ಲಾದರೆ ಆ ಟಿಕ್ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿ ಸಂಗೀತವೇ ಟಿಕ್, ಕರಕರ, ಇದ್ದಕ್ಕಿದ್ದಂತೆ ಕಡಿದುಹೋಗುವ ಸದ್ದು. ದೋಷ ಯಾವುದು, ಕೃತಿ ಯಾವುದು ಅಂತ ಕಿವಿ ಹೇಳಲಾರದು, ಎಷ್ಟೇ ವರ್ಷದ ಅನುಭವ ಇರಲಿ. ‘ಕೇಳಿ ನೋಡಿದೆ, ಸರಿಯಿದೆ’ ಅನ್ನುವ ಷರಾಗೆ ಈ ಡಿಸ್ಕಿನಲ್ಲಿ ಬೆಲೆಯಿಲ್ಲ.

ಹಾಗಾಗಿ ನಲ್ ಟೆಸ್ಟ್. ಒಂದೇ ಡೆಕ್‌ನಿಂದ, ನೇರ ಕ್ರಮದಲ್ಲಿ, ಎರಡು ಸಲ ಕ್ಯಾಪ್ಚರ್ ಮಾಡಿ. ಒಂದನ್ನು ಇನ್ನೊಂದರ ಮೇಲೆ ಸ್ಯಾಂಪಲ್ ಮಟ್ಟಕ್ಕೆ ಸರಿಹೊಂದಿಸಿ, ಒಂದರ ಪೊಲಾರಿಟಿ ತಿರುಗಿಸಿ, ಕೂಡಿಸಿ. ಉಳಿಯಬೇಕಾದದ್ದು ಸೊನ್ನೆ. ಎಲ್ಲಿ ಮೊನೆ ಏಳುತ್ತದೋ ಅಲ್ಲಿ ಎರಡರಲ್ಲೊಂದು ಕ್ಯಾಪ್ಚರಿನಲ್ಲಿ ತೊಂದರೆ ಇದೆ, ಮೂರನೆಯದು ತೆಗೆದು ಯಾವುದು ಅಂತ ತೀರ್ಮಾನಿಸಿ. ಮೊದಲಿನಿಂದ ಸೊನ್ನೆ ಇದ್ದು ನಡುವೆ ಎಲ್ಲೋ ಶುರುವಾಗಿ ಕೊನೆಯವರೆಗೂ ಶಬ್ದ ಉಳಿದರೆ ಅಲ್ಲಿ ಒಂದು ಸ್ಯಾಂಪಲ್ ಬಿದ್ದಿದೆ ಅಥವಾ ಹೆಚ್ಚಾಗಿದೆ. ಮೊದಲು ಕ್ಲಾಕ್ ನೋಡಿ. ಬೇರೆ ಬೇರೆ ಮಾಡೆಲ್ಲಿನ ಡೆಕ್ ಬಳಸಿದರೆ ಈ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ, ಅಟ್ರಾಕ್ ಡಿಕೋಡರ್ ಚಿಪ್ ಬದಲಾದಂತೆ ಕೆಳಗಿನ ಬಿಟ್‌ಗಳು ಬದಲಾಗುತ್ತವೆ. ಚೆಕ್‌ಸಮ್ (ಫೈಲಿನ ಬಿಟ್ಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಕೆಯಂತೂ ಇಲ್ಲಿ ಕಸ: ರೆಕಾರ್ಡ್ ಬಟನ್ ಒಂದು ಸ್ಯಾಂಪಲ್ ತಡವಾಗಿ ಒತ್ತಿದರೂ ಅದು ಬೇರೆಯೇ ಫೈಲು. ಇದನ್ನು ವ್ಯವಸ್ಥೆಯ ಸಾಫ್ಟ್‌ವೇರಿನವರಿಗೆ ತಿಳಿಸಿ ಬಹಳ ಕಾಲವಾಯಿತು. ಉತ್ತರ: ‘ಮುಂದಿನ ರಿಲೀಸ್.’

ಡಿಸ್ಕ್ ತಗೊಳ್ಳದ ಡೆಕ್ ಬಗ್ಗೆ. ಕಾರ್ಖಾನೆಯಲ್ಲಿ ಒತ್ತಿದ ಮಿನಿಡಿಸ್ಕು ಸಿಡಿಯ ಹಾಗೆ ಗುಳಿಗಳಿಂದ ಆದದ್ದು, ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ರೆಕಾರ್ಡಬಲ್ ಡಿಸ್ಕು ಮ್ಯಾಗ್ನೆಟೊ ಆಪ್ಟಿಕಲ್, ಮಂಕು. ಇವೆರಡನ್ನು ಡೆಕ್ ಗುರುತಿಸುವುದು ಕಾರ್ಟ್ರಿಜ್ ತಳದ ಒಂದು ತೂತಿನಿಂದ, ಅದಕ್ಕೆ ಒತ್ತುವ ‘ರಿಫ್ಲೆಕ್ಟ್’ ಸ್ವಿಚ್‌ನಿಂದ. ಸ್ವಿಚ್ ಕೊಳೆಯಾಗಿದ್ದರೆ ಡೆಕ್ ಒಂದನ್ನು ಇನ್ನೊಂದು ಅಂದುಕೊಂಡು ‘ಸಿ13’ ಅಥವಾ ‘ಸಿ14’ ಅನ್ನುವ ದೋಷದ ಸಂಕೇತ ತೋರಿಸುತ್ತದೆ. ಎಲ್ಲರೂ ಲೇಸರ್ ಸತ್ತಿದೆ ಅಂತ ಹೇಳುತ್ತಾರೆ. ನಿಮ್ಮ ಬ್ಲಾಂಕ್ ಡಿಸ್ಕುಗಳೆಲ್ಲ ಓದಿ, ಒತ್ತಿದ ಡಿಸ್ಕು ಮಾತ್ರ ಓದದಿದ್ದರೆ ಮೊದಲು ಆ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಡಿಸ್ಕು ಒಳಗೆ ಎಳೆದುಕೊಳ್ಳದೆ ಗುರ್ ಅಂದರೆ ಲೋಡಿಂಗ್ ಬೆಲ್ಟ್ ಸಡಿಲ. ಇನ್ನೊಂದು: ಒತ್ತಿದ ಡಿಸ್ಕಿಗೆ ಶಟರ್ ಕೆಳಮುಖದಲ್ಲಿ ಮಾತ್ರ. ಮೇಲೆ ಶಟರ್ ಇಲ್ಲವಲ್ಲ, ಮುರಿದಿದೆ ಅಂತ ಡ್ಯಾಮೇಜ್ ರಿಪೋರ್ಟ್ ಹಾಕಬೇಡಿ, ಹಾಕಿದವರಿದ್ದಾರೆ.

ಗಿರಾಕಿಯ ಡಿಸ್ಕನ್ನು ಶಫಲ್‌ಗೆ ಹಾಕುವ ಮೊದಲು ಡೆಕ್ಕನ್ನು ಪರೀಕ್ಷಿಸಲು ಒಂದು ಟೆಸ್ಟ್ ಡಿಸ್ಕ್ ಇಟ್ಟುಕೊಳ್ಳಿ. 74 ನಿಮಿಷದ ಬ್ಲಾಂಕ್ ತುಂಬ ಪಿಂಕ್ ನಾಯ್ಸ್ (ಒಂದೇ ಸಮನೆ ಶ್ ಅನ್ನುವ ಸದ್ದು) ರೆಕಾರ್ಡ್ ಮಾಡಿ, ಎಡಿಟ್ ಮೆನುವಿನ ಡಿವೈಡ್‌ನಿಂದ 80–90 ಟ್ರ್ಯಾಕಾಗಿ ಕತ್ತರಿಸಿ, ಕೆಲವನ್ನು 3–4 ಸೆಕೆಂಡಿಗೆ ಇಳಿಸಿ. ಎಜೆಕ್ಟ್ ಮಾಡಿ ಟಿಒಸಿ (ಡಿಸ್ಕಿನ ಟ್ರ್ಯಾಕ್ ಪಟ್ಟಿ) ಬರೆಯುವವರೆಗೆ ಪ್ಲಗ್ ಕೀಳಬೇಡಿ, ಕಿತ್ತರೆ ಅಷ್ಟೂ ಕೆಲಸ ಹೋಯಿತು. ಟೋನ್ ಹಾಕಬೇಡಿ, ಟೋನಿನ ಅಲೆ ಮಧ್ಯದಲ್ಲಿ ಕಡಿದು ಪ್ರತಿ ಸೇರುವೆಯಲ್ಲೂ ಟಿಕ್ ಬರುತ್ತದೆ, ಗ್ಯಾಪೋ ಅಲ್ಲವೋ ಅಂತ ಗೊಂದಲ. ನಾಯ್ಸ್‌ನಲ್ಲಿ ಸೇರುವೆ ಕೇಳಿಸುವುದೇ ಇಲ್ಲ, ಗ್ಯಾಪ್ ಇದ್ದರೆ ವೇವ್‌ಫಾರ್ಮಿನಲ್ಲಿ ಬೋಳಾಗಿ ಕಾಣುತ್ತದೆ. ಡಿಸ್ಕು ಪೂರ್ತಿ ತುಂಬಬೇಕು: ಒಳಗಿನ 10 ನಿಮಿಷ ಮಾತ್ರ ತುಂಬಿದರೆ ಲೇಸರಿಗೆ ದೂರ ಓಡುವ ಪ್ರಸಂಗವೇ ಬರುವುದಿಲ್ಲ. ಚಿಕ್ಕ ಟ್ರ್ಯಾಕುಗಳು ಬೇಕಾದದ್ದು ಮೆಮೊರಿಯನ್ನು ಸತಾಯಿಸಲು. ಒಂದರ ಹಿಂದೆ ಒಂದು ಪುಟ್ಟ ಟ್ರ್ಯಾಕ್ ದೂರ ದೂರದಲ್ಲಿ ಬಿದ್ದರೆ ಓದುವುದಕ್ಕಿಂತ ಓಡುವುದೇ ಹೆಚ್ಚು. ಬಳಲಿದ ಸ್ಲೆಡ್ ಸಿಕ್ಕಿಬೀಳುವುದು ಅಲ್ಲಿ.

ಪೋರ್ಟಬಲ್‌ನಿಂದ ಕ್ಯಾಪ್ಚರ್ ಬೇಡ. ಬಹುತೇಕ ಪೋರ್ಟಬಲ್‌ಗಳಿಗೆ ಡಿಜಿಟಲ್ ಔಟ್ ಇಲ್ಲ. ಕೇಳಲಷ್ಟೇ ಬಳಸುವುದಾದರೆ ಮೆಗಾ ಬಾಸ್ ಮತ್ತು ಎವಿಎಲ್ಎಸ್ (ಸದ್ದಿನ ಮಟ್ಟಕ್ಕೆ ಮಿತಿ ಹಾಕುವ ಸೌಲಭ್ಯ) ಎರಡನ್ನೂ ಆಫ್ ಮಾಡಿ. ಮಿನಿಡಿಸ್ಕಿನಿಂದ ಮಿನಿಡಿಸ್ಕಿಗೆ ನಕಲು ಮಾಡಿ ‘ವರ್ಕಿಂಗ್ ಕಾಪಿ’ ಅನ್ನುವುದನ್ನೂ ಬಿಡಿ, ಅಟ್ರಾಕ್ ಮೇಲೆ ಅಟ್ರಾಕ್ ಕೂತು ಚೂಪು ಸದ್ದುಗಳ ಅಂಚು ಮೊಂಡಾಗುತ್ತದೆ.

ಮ್ಯಾನೇಜ್‌ಮೆಂಟಿಗೆ ಹೇಳಬೇಕಾದ್ದು ಅವಧಿಯ ಕಾಲಂ ಬಗ್ಗೆ. ಅದು ಕಡ್ಡಾಯ. ಶಫಲ್ ಡಿಸ್ಕಿಗೆ ಹೇಗೋ ಒಂದು ಸುತ್ತಿನ ಅವಧಿ ಬರೆಯಬಹುದು. ಅಮೆರಿಕದ ಆರ್‌ಆರ್‌ರೆಕಾರ್ಡ್ಸ್ 1998ರಲ್ಲಿ ತಂದ ‘ಆರ್‌ಆರ್‌ಆರ್-500’ ಎಲ್‌ಪಿ ಬಂದರೆ ಏನು ಬರೆಯಬೇಕು? 500 ಲಾಕ್ಡ್ ಗ್ರೂವ್, 500 ಕಲಾವಿದರು, ಮುಳ್ಳು ಎತ್ತುವವರೆಗೂ ಸುತ್ತುತ್ತಲೇ ಇರುತ್ತದೆ. 33⅓ ವೇಗದಲ್ಲಿ ಒಂದು ಸುತ್ತು 1.8 ಸೆಕೆಂಡು. 1.8 ಅಂತ ಬರೆದರೆ ‘ತುಂಬ ಚಿಕ್ಕ ಫೈಲ್’ ಅಂತ ತಿರಸ್ಕಾರ, ‘ಅನಂತ’ ಅಂತ ಬರೆದರೆ ‘ಅಂಕಿ ಹಾಕಿ’. ಈಗ ಎಲ್ಲರೂ 60 ಸೆಕೆಂಡು ಅಂತ ಹಾಕುತ್ತಾರೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ಗಿರಾಕಿಗೆ ಶಫಲ್ ಕ್ಯಾಪ್ಚರ್ ಒಂದೇ ಕೊಟ್ಟು ಕಳಿಸುವುದು ಅರೆಬರೆ ಕೆಲಸ, ಅದು ಸಾವಿರ ಸಾಧ್ಯತೆಗಳಲ್ಲಿ ಒಂದರ ಫೋಟೊ. 88 ಫೈಲುಗಳನ್ನು ಗಡಿಗೆ ಸರಿಯಾಗಿ ಕತ್ತರಿಸಿ, ಫೇಡ್ ಹಾಕದೆ, ಫ್ಲಾಕ್ ಅಥವಾ ವೇವ್‌ನಲ್ಲಿ ಕೊಡಿ. ಎಂಪಿ3 ಬೇಡ: ಎನ್‌ಕೋಡರ್ ಪ್ರತಿ ಫೈಲಿನ ತಲೆಗೂ ಬಾಲಕ್ಕೂ ಸ್ವಲ್ಪ ಖಾಲಿ ಸೇರಿಸುತ್ತದೆ, ಅದನ್ನು ಕಳೆದು ನುಡಿಸುವುದು ಎಲ್ಲ ಪ್ಲೇಯರಿಗೂ ಬಾರದು. ಮನೆಯಲ್ಲಿ ಕೇಳುವ ಪ್ಲೇಯರ್ ಗ್ಯಾಪ್‌ಲೆಸ್ ಆಗಿರಬೇಕು, ಕ್ರಾಸ್‌ಫೇಡ್ ಆಫ್ ಇರಬೇಕು. ರಿಪ್ಲೇಗೇನ್ (ಸದ್ದಿನ ಮಟ್ಟ ತಾನೇ ಸರಿದೂಗಿಸುವ ಸೌಲಭ್ಯ) ಇದ್ದರೆ ಆಲ್ಬಮ್ ಮೋಡ್‌ಗೆ ಹಾಕಲು ಹೇಳಿ. ಟ್ರ್ಯಾಕ್ ಮೋಡ್‌ನಲ್ಲಿ ಪಿಸುಗುಟ್ಟುವ ಟ್ರ್ಯಾಕೂ ಅರಚುವ ಟ್ರ್ಯಾಕೂ ಒಂದೇ ಮಟ್ಟಕ್ಕೆ ಬಂದು, ಗಿರಾಕಿ ನಿಮ್ಮ ಟ್ರಾನ್ಸ್‌ಫರೇ ಸರಿಯಿಲ್ಲ ಅಂತ ಫೋನ್ ಮಾಡುತ್ತಾರೆ.