ನಂಬಿದರೆ ಸಾಲ ತೀರುತ್ತಾ?

ನಾನು ಕ್ರೈಸ್ತ ಅಂತ ಗೊತ್ತಾದ ಕೂಡಲೇ ಬೀದರಿನಲ್ಲಿ ಕೆಲವರು ಕೇಳುವುದುಂಟು: 'ನಿಮ್ಮಲ್ಲಿ ಸೇರಿದರೆ ದುಡ್ಡು ಕೊಡ್ತಾರಂತೆ, ಹೌದಾ?' ಇದಕ್ಕೆ ಉತ್ತರ ಸುಲಭ. ಕೊಡೋದಿಲ್ಲ, ಪ್ರತಿ ಭಾನುವಾರ ಕಾಣಿಕೆ ಚೀಲ ನಮ್ಮ ಮುಂದೆಯೇ ಬರುತ್ತದೆ.

ಅದೇ ಪ್ರಶ್ನೆ ನಮ್ಮ ಚರ್ಚಿನ ಸಭೆಯ ಒಳಗಿನವರಿಂದ ಬಂದಾಗ ಕಷ್ಟ. 'ಅಣ್ಣಾ, ತಪ್ಪದೆ ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಕೊಡ್ತೀನಿ, ಉಪವಾಸ ಪ್ರಾರ್ಥನೆಗೂ ಹೋಗ್ತೀನಿ. ಆದರೂ ಸಾಲ ತೀರ್ತಿಲ್ಲ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?' ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಗಂಡ ಕಟ್ಟಡ ಕೆಲಸಕ್ಕೆ ಹೈದರಾಬಾದಿನಲ್ಲಿ, ಇಲ್ಲಿ ವಾರದ ಕಂತು ಇವರ ತಲೆ ಮೇಲೆ. ಕಿರುಸಾಲದವರ (ಮೈಕ್ರೋಫೈನಾನ್ಸ್) ಕಿರುಕುಳ ಎಷ್ಟಿತ್ತೆಂದರೆ 2025ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಮನೆಯ ಫೋನಿನಲ್ಲಿ ಒಬ್ಬ ಬೋಧಕ ಹೇಳುತ್ತಾನೆ: 'ಸಾವಿರ ರೂಪಾಯಿ ಬೀಜ ಬಿತ್ತು, ದೇವರು ನೂರರಷ್ಟು ಕೊಡ್ತಾನೆ.' ಅಂದರೆ ಒಂದು ಲಕ್ಷ. ಕೆಳಗೇ ಫೋನ್‌ಪೇ ಕೋಡ್.

ಕೊರತೆ ನಿಮ್ಮ ನಂಬಿಕೆಯಲ್ಲಿಲ್ಲ, ಆ ಬೋಧನೆಯಲ್ಲಿದೆ. ಇದು ನನ್ನ ಉತ್ತರ.

ಈ ಬೋಧನೆ ತುಂಬಾ ಹಳೆಯದೇನೂ ಅಲ್ಲ. ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಬೆಳೆದದ್ದು. ಇ. ಡಬ್ಲ್ಯೂ. ಕೆನ್ಯನ್ ಎಂಬ ಬೋಧಕ ಬರೆದದ್ದನ್ನು ಇನ್ನೊಬ್ಬ ಬೋಧಕ ಕೆನೆತ್ ಹೇಗಿನ್ ಮುಂದುವರಿಸಿದರು. ಕಾಣಿಕೆಯನ್ನು ಬೀಜ ಅಂತ ಕರೆದು ಜನರ ಬಾಯಲ್ಲಿ ಕೂರಿಸಿದವರು ಟಿವಿ ಬೋಧಕ ಓರಲ್ ರಾಬರ್ಟ್ಸ್. ನಮ್ಮಲ್ಲಿಗೆ ಅದು ಹೆಚ್ಚಾಗಿ ತೆಲುಗು, ಹಿಂದಿಯಲ್ಲಿ ಬಂತು. ಬೀದರಿನವರಿಗೆ ಭಾಷೆ ಎಂದೂ ಅಡ್ಡಿಯಲ್ಲ ನೋಡಿ, ಯಾವ ಭಾಷೆಯಲ್ಲಿ ಬಂದರೂ ತಿಳಿಯುತ್ತದೆ.

ಅದಕ್ಕೆ ಮರುಳಾದವರನ್ನು ನೋಡಿ ನಾನು ನಗುವುದಿಲ್ಲ. ಸತ್ತ ಮೇಲಿನ ಪರಲೋಕದ ಮಾತನ್ನೇ ಕೇಳಿಸಿಕೊಂಡು ಬಂದವರಿಗೆ, ನಿನ್ನ ಮಗಳ ಕಾಲೇಜು ಫೀಸೂ ದೇವರಿಗೆ ಗೊತ್ತು ಅಂತ ಒಬ್ಬ ಹೇಳಿದರೆ ಕಿವಿ ನಿಮಿರುತ್ತದೆ. ಅಷ್ಟರ ಮಟ್ಟಿಗೆ ಆ ಮಾತೂ ನಿಜವೇ. ದಿನದ ರೊಟ್ಟಿಗಾಗಿ ಬೇಡಿಕೊಳ್ಳಿ ಅಂತ ಯೇಸುವೇ ಕಲಿಸಿಕೊಟ್ಟಿದ್ದಾನೆ. ತಪ್ಪುವುದು ಬೇಡಿಕೆ ವ್ಯಾಪಾರವಾದಾಗ.

ಆ ಬೋಧಕರು ತೋರಿಸುವ ಬೈಬಲ್ ವಚನಗಳನ್ನೇ ತೆಗೆದುಕೊಳ್ಳೋಣ. ಮಲಾಕಿಯ 3:10. ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿ, ಆಕಾಶದ ಬಾಗಿಲು ತೆರೆದು ಆಶೀರ್ವಾದ ಸುರಿಸುತ್ತೇನೋ ಇಲ್ಲವೋ ಪರೀಕ್ಷಿಸಿ, ಅಂತ ದೇವರು ಹೇಳುವ ಮಾತು. ಅದೇ ಅಧ್ಯಾಯದ ಐದನೇ ವಚನ ಓದಿ. ಕೂಲಿಯವನ ಕೂಲಿಗೆ ಮೋಸ ಮಾಡುವವರ ಮೇಲೆ, ವಿಧವೆಯರನ್ನೂ ತಾಯಿತಂದೆ ಇಲ್ಲದವರನ್ನೂ ಹಿಂಸಿಸುವವರ ಮೇಲೆ ದೇವರು ಕೆಂಡ ಕಾರುತ್ತಾನೆ. ಇನ್ನೂ ಹಿಂದೆ, ಧರ್ಮೋಪದೇಶಕಾಂಡದ 14ನೇ ಅಧ್ಯಾಯಕ್ಕೆ ಹೋದರೆ ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಇಡಬೇಕು ಅಂತಿದೆ. ಯಾರಿಗೆ? ದೇವರ ಸೇವೆಗೆ ಮೀಸಲಾಗಿ ಸ್ವಂತ ಹೊಲ ಇಲ್ಲದ ಲೇವಿ ಕುಲದವರಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ. ಅವರು ಉಂಡು ತೃಪ್ತರಾಗಲಿ ಅಂತ. ಈ ಲೆಕ್ಕದಲ್ಲಿ ವಾರದ ಕಂತಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ನಮ್ಮ ಅಕ್ಕ ದಶಮಾಂಶ ಪಡೆಯಬೇಕಾದವಳು. ಅವಳಿಂದಲೇ ಕಿತ್ತುಕೊಳ್ಳುತ್ತಿದ್ದೇವೆ.

ನೂರರಷ್ಟು ಅನ್ನುವುದು ಮಾರ್ಕ 10:30. ಅಲ್ಲಿ ಯೇಸು ಮನೆ, ಅಣ್ಣತಮ್ಮ, ಹೊಲ ಎಲ್ಲ ನೂರರಷ್ಟು ಸಿಗುತ್ತದೆ ಅನ್ನುತ್ತಾನೆ, ಜೊತೆಗೆ ಹಿಂಸೆಗಳೂ ಅಂತ ಸೇರಿಸುತ್ತಾನೆ. ಹಿಂಸೆ ನೂರರಷ್ಟು ಬರಲಿ ಅಂತ ಯಾವ ಬೋಧಕನೂ ಪ್ರಾರ್ಥನೆ ಮಾಡಿಸಿದ್ದು ನಾನು ಕೇಳಿಲ್ಲ. ದೇವಾಲಯದ ಕಾಣಿಕೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯೂ ಹೀಗೇ. ಇದ್ದದ್ದೆಲ್ಲ ಕೊಟ್ಟಳು ಅಂತ ಹೊಗಳಿ ಚೀಲ ಮುಂದೆ ಹಿಡಿಯುತ್ತಾರೆ. ಅದಕ್ಕೆ ಸ್ವಲ್ಪ ಮೇಲೆ, ಮಾರ್ಕ 12:40ರಲ್ಲಿ, ಉದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಯೇಸು ಬೈದಿದ್ದಾನೆ. ಅದನ್ನು ಓದಿದ ಮೇಲೆ ಆ ಕಥೆ ನನಗೆ ಹೊಗಳಿಕೆಗಿಂತ ಹೆಚ್ಚಾಗಿ ದೂರಿನಂತೆ ಕೇಳಿಸುತ್ತದೆ.

'ಹಾಗಾದರೆ ಕ್ರೈಸ್ತರಾದ ಮೇಲೆ ಬೀದರ್ ಕಡೆಯ ಎಷ್ಟೋ ಮನೆ ಉದ್ಧಾರ ಆಗಿಲ್ವಾ?' ಆಗಿವೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೆಥೋಡಿಸ್ಟ್ ಮಿಷನ್ ಇಲ್ಲಿಗೆ ಬಂದಾಗ ಸೇರಿದವರಲ್ಲಿ ಬಹಳಷ್ಟು ಜನ ದಲಿತರು, ಅಕ್ಷರದ ಬಾಗಿಲು ಮುಚ್ಚಿದ್ದ ಮನೆಯವರು. ಅವರಿಗೆ ಶಾಲೆ ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು, ಆಸ್ಪತ್ರೆ ಬಂತು. ಹೆಣ್ಣುಮಕ್ಕಳು ನರ್ಸ್ ಆದರು, ಟೀಚರ್ ಆದರು. ಎಷ್ಟೋ ಮನೆಯಲ್ಲಿ ಕುಡಿತ ನಿಂತಿತು, ಕೂಲಿ ದುಡ್ಡು ಮನೆಗೆ ಬಂತು. ಇದಕ್ಕೆ ಎರಡು ಮೂರು ತಲೆಮಾರು ಹಿಡಿಯಿತು. ಇದೂ ದೇವರ ಕೃಪೆಯೇ ಅಂತ ನಾನು ನಂಬುತ್ತೇನೆ, ಆದರೆ ಯಾರೂ ಅದನ್ನು ಸಾವಿರ ಕೊಟ್ಟು ಕೊಂಡಿರಲಿಲ್ಲ.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇದನ್ನು ಮೊದಲೇ ಕಂಡಿದ್ದರು. ಭಕ್ತಿ ಬಂದರೆ ಮನುಷ್ಯ ದುಡಿಯುತ್ತಾನೆ, ದುಂದು ಬಿಡುತ್ತಾನೆ, ಹಾಗಾಗಿ ಹಣ ಸೇರುತ್ತದೆ. ಹಣ ಸೇರಿದರೆ ಭಕ್ತಿ ಇಳಿಯುತ್ತದೆ. 1786ರಲ್ಲಿ ಅವರು ಹೀಗೆ ಚಿಂತೆಪಟ್ಟು ಬರೆದರು. ಸಿರಿತನ ಅವರಿಗೆ ನಂಬಿಕೆಯ ಗುರುತಾಗಿರಲಿಲ್ಲ, ನಂಬಿಕೆಗೆ ಬರುವ ಗಂಡಾಂತರವಾಗಿತ್ತು. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನೂ ಅವರು ಹೇಳುತ್ತಿದ್ದರು. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ದಾನ ಮಾಡಿದ. ಆದಾಯ 60 ಆದಾಗಲೂ 28ರಲ್ಲೇ ಬದುಕಿ 32 ಕೊಟ್ಟ. ಆ ಯುವಕ ವೆಸ್ಲಿಯೇ ಅನ್ನುವುದು ಸಾಮಾನ್ಯ ಅಭಿಪ್ರಾಯ. ಕಾಯಕ, ದಾಸೋಹ ಕೇಳಿ ಬೆಳೆದ ಬಸವಕಲ್ಯಾಣದ ಸೀಮೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಕೊಟ್ಟವನಿಗೆ ದುಡ್ಡು ಬಂದರೆ ಬೋಧಕನ ಮಾತು ನಿಜವಾಯಿತು, ಆ ಕೊಟ್ಟವನನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುತ್ತಾರೆ. ಬರದಿದ್ದರೆ ತಪ್ಪು ಕೊಟ್ಟವನದು: ಸಂಶಯ ಪಟ್ಟೆ, ಗುಪ್ತ ಪಾಪ ಇದೆ, ಇನ್ನೂ ದೊಡ್ಡ ಬೀಜ ಹಾಕು. ಸೋತವರಿಗೆ ವೇದಿಕೆಯೂ ಇಲ್ಲ, ಮೈಕೂ ಇಲ್ಲ. ಸಾಲದ ಜೊತೆಗೆ ದೇವರು ನನ್ನನ್ನು ಒಪ್ಪಲಿಲ್ಲ ಅನ್ನುವ ಭಾರ ಹೊತ್ತು ಮನೆಗೆ ಹೋಗುತ್ತಾರೆ. ಬೈಬಲಿನಲ್ಲಿ, ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕ ಯೋಬನಿಗೆ ಅವನ ಗೆಳೆಯರು ಆಡಿದ್ದೂ ಇದೇ ಮಾತು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.

ಆದ್ದರಿಂದ ಸಾಲದಲ್ಲಿರುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಬಡ್ಡಿಗೆ ತಂದು ಕಾಣಿಕೆ ಹಾಕಬೇಡಿ. ಕೊಡುವ ಮನಸ್ಸಿದ್ದರೆ ಇಲ್ಲದ್ದರಿಂದ ಅಲ್ಲ, ಇದ್ದದ್ದರಿಂದ ಕೊಟ್ಟರೆ ಸಾಕು ಅಂತ ಯೇಸುವಿನ ಅಪೊಸ್ತಲ ಪೌಲ 2 ಕೊರಿಂಥ 8:12ರಲ್ಲಿ ಬರೆದಿದ್ದಾನೆ. ಮೊದಲು ಜಾಸ್ತಿ ಬಡ್ಡಿಯ ಸಾಲ ತೀರಿಸಿ. ಸ್ವಸಹಾಯ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಿಗುತ್ತದಾ ನೋಡಿ. ಸಂಘಗಳಿಗೆ ಸಾಲ ಕೊಡುವುದರಲ್ಲಿ ಬೀದರಿನ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕ್ ದೇಶಕ್ಕೇ ಹೆಸರಾದದ್ದು, ಅದನ್ನು ಬಿಟ್ಟು ದೂರದ ಬೋಧಕನ ಹತ್ತಿರ ಯಾಕೆ ಹೋಗಬೇಕು? ಸಭೆಯವರಿಗೂ ಹೇಳಿ, ನಾಚಿಕೊಳ್ಳಬೇಡಿ.

ಇನ್ನು ಕೊಡುವ ಶಕ್ತಿ ಇದ್ದವರು ಕೇಳುತ್ತಾರೆ: 'ಹಾಗಾದರೆ ಯಾರಿಗೆ ಕೊಡೋದು?' ಲೆಕ್ಕ ತೋರಿಸುವವರಿಗೆ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಪೌಲನಂಥ ಪೌಲನೇ ಒಬ್ಬನೇ ಹೋಗಲಿಲ್ಲ. ಸಭೆಗಳೇ ಆರಿಸಿದ ಇನ್ನೊಬ್ಬನನ್ನು ಜೊತೆಗಿಟ್ಟುಕೊಂಡ. ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಕಾರಣವನ್ನೂ 2 ಕೊರಿಂಥದ ಅದೇ 8ನೇ ಅಧ್ಯಾಯದಲ್ಲಿ ಬರೆದ. ನಿಮ್ಮ ಬೋಧಕರನ್ನು ಕಳೆದ ವರ್ಷದ ಜಮಾಖರ್ಚು ಕೇಳಿ ನೋಡಿ. ತೋರಿಸಿದರೆ ಕೊಡಿ. 'ದೇವಸೇವಕರನ್ನು ಪ್ರಶ್ನೆ ಮಾಡ್ತೀಯಾ' ಅಂದರೆ ಆ ದುಡ್ಡನ್ನು ಪಕ್ಕದ ಮನೆಯ ಹುಡುಗಿಯ ಫೀಸಿಗೆ ಕಟ್ಟಿ, ರಸೀದಿಯಾದರೂ ಸಿಗುತ್ತದೆ.